ಜವಳು ಹೊಲದ ವಾಸನೆ ಮೀಥೇನೇ?
ಅಭ್ಯಾಸ ಬೋಧನೆಯಲ್ಲಿ ಕೊಟ್ಟ ಒಂದು ತಪ್ಪು ಉತ್ತರ ಮತ್ತು ಅದನ್ನು ತಿದ್ದಿದ ಪಾಠ

ತರಗತಿ: 10
ವಿಷಯ: ವಿಜ್ಞಾನ
ಘಟಕ: ಕಾರ್ಬನ್ ಮತ್ತು ಅದರ ಸಂಯುಕ್ತಗಳು
ಉಪಘಟಕ: ಮೀಥೇನ್ – ಮಣ್ಣಿನಲ್ಲಿ ಅದರ ಹುಟ್ಟು ಮತ್ತು ನಾಶ
ಅವಧಿ: ಮೊದಲ ಪಾಠ 40 ನಿಮಿಷ, ಮರುಪಾಠ 40 ನಿಮಿಷದ ಎರಡು ಅವಧಿ
ಸ್ಥಳ: ಅಥಣಿ ತಾಲ್ಲೂಕಿನ ಕೃಷ್ಣಾ ದಂಡೆಯ ಒಂದು ಪ್ರೌಢಶಾಲೆ

1. ಮೊದಲ ಪಾಠ

ಪಠ್ಯದಲ್ಲಿ ಮೀಥೇನ್ ಬರುವುದು ಅತಿ ಸರಳ ಹೈಡ್ರೋಕಾರ್ಬನ್ ಎಂದು: ನಡುವೆ ಒಂದು ಕಾರ್ಬನ್, ಸುತ್ತ ನಾಲ್ಕು ಹೈಡ್ರೋಜನ್. ರಚನೆ ಬರೆಸಿ ಮುಗಿಸಿದರೆ ಮಕ್ಕಳಿಗೆ ಅದು ಕಪ್ಪುಹಲಗೆಯ ಮೇಲಿನ ಗೆರೆಯಾಗಿಯೇ ಉಳಿಯುತ್ತದೆ ಎಂದು ನನಗೆ ಅನಿಸಿತ್ತು. ಆದ್ದರಿಂದ ಪೂರಕ ವಿಷಯವಾಗಿ ಉತ್ತರದ ಶೀತ ದೇಶಗಳ ಪೀಟ್ ನೆಲಗಳ ಚಿತ್ರಪಟ ಸಿದ್ಧಪಡಿಸಿಕೊಂಡೆ. ಸೈಬೀರಿಯಾ, ಕೆನಡಾ, ಫಿನ್ಲೆಂಡಿನ ಜೌಗು ಬಯಲುಗಳಿಂದ ಮೀಥೇನ್ ಹೊರಬರುತ್ತದೆ, ಅದು ಭೂಮಿಯ ಬಿಸಿ ಹೆಚ್ಚಿಸುತ್ತದೆ ಎಂದು ಹನ್ನೆರಡು ನಿಮಿಷ ವಿವರಿಸಿದೆ. ಮಕ್ಕಳು ಶಾಂತವಾಗಿ ಕೇಳಿದರು. ಆ ಶಾಂತಿಯನ್ನು ನಾನು ಆಸಕ್ತಿ ಎಂದು ತಿಳಿದೆ.

ಅವಧಿ ಮುಗಿಯುವಾಗ ಎರಡನೇ ಸಾಲಿನ ಒಬ್ಬ ಹುಡುಗಿ ಎದ್ದು ಕೇಳಿದಳು:

“ಟೀಚರ್‍ರೀ, ನಮ್ಮ ಹೊಲ ಜವಳ ಹಿಡದೈತ್ರಿ. ಕೆದರಿದ್ರ ಕರಿ ರಾಡಿ ಬರ್ತೈತಿ, ಕೆಟ್ಟ ವಾಸನಿ ಹೊಡಿತೈತಿ. ಅದೂ ಮೀಥೇನ್ ಏನ್ರೀ?”

ಗಂಟೆ ಹೊಡೆಯಲು ಎರಡು ನಿಮಿಷ ಉಳಿದಿತ್ತು. “ಹೌದು, ಅದೇ. ನೀರು ನಿಂತ ನೆಲದಲ್ಲೆಲ್ಲ ಮೀಥೇನ್ ಬರುತ್ತದೆ” ಎಂದೆ. ಸ್ಥಳೀಯ ಉದಾಹರಣೆ ತಾನಾಗಿಯೇ ಸಿಕ್ಕಿತೆಂದು ಒಳಗೊಳಗೇ ಖುಷಿಪಟ್ಟೆ.

ಮರುದಿನ ಅದೇ ಹುಡುಗಿ ಬಾಯಿ ಬಿಡಲಿಲ್ಲ. ವಿರಾಮದಲ್ಲಿ ಕರೆದು ವಿಚಾರಿಸಿದಾಗ ಹೇಳಿದಳು: “ಮನ್ಯಾಗ ಹೇಳಿದೆ ರೀ. ಅಪ್ಪ ಸಿಟ್ಟಿಗೆದ್ದ. ‘ಮೊದಲ ಬೆಳಿ ಹೋತು, ಈಗ ಜಗತ್ತಿನ ಹವಾ ಕೆಡಿಸಿದ ಪಾಪಾನೂ ನಮ್ಮ ತಲಿ ಮ್ಯಾಲೇನ’ ಅಂದ.”

ನನ್ನ ಪಾಠ ವೀಕ್ಷಿಸಿದ್ದ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಮೂರೇ ಪ್ರಶ್ನೆ ಬರೆದಿದ್ದರು: ಮೀಥೇನಿಗೆ ವಾಸನೆ ಇದೆಯೇ? ವಾಸನೆ ಬಂದದ್ದು ಯಾವ ಅನಿಲದಿಂದ? ನಿಮ್ಮ ಉತ್ತರ ಎಲ್ಲಿಂದ ಬಂತು?

ಮೀಥೇನಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಇದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಗೋಬರ್ ಗ್ಯಾಸಿನ ಒಲೆಯ ವಾಸನೆ, ಸಿಲಿಂಡರ್ ಸೋರಿದಾಗಿನ ವಾಸನೆ ಮನಸ್ಸಿನಲ್ಲಿ ಕೂತು ಆ ತಿಳಿವಳಿಕೆಯನ್ನು ಮುಚ್ಚಿಹಾಕಿದ್ದವು. ಗೋಬರ್ ಗ್ಯಾಸಿನ ವಾಸನೆ ಅದರಲ್ಲಿ ಅಲ್ಪ ಪ್ರಮಾಣದಲ್ಲಿ ಬೆರೆತ ಹೈಡ್ರೋಜನ್ ಸಲ್ಫೈಡಿನದು. ಸಿಲಿಂಡರಿನಲ್ಲಿರುವುದು ಮೀಥೇನೇ ಅಲ್ಲ, ಪ್ರೊಪೇನ್ ಮತ್ತು ಬ್ಯೂಟೇನ್. ಸೋರಿಕೆ ತಿಳಿಯಲೆಂದು ಅದಕ್ಕೆ ವಾಸನೆಯ ವಸ್ತುವನ್ನು ಬೇರೆಯಾಗಿ ಬೆರೆಸುತ್ತಾರೆ.

ಮೂರನೇ ದಿನ ತರಗತಿಯ ಮೊದಲ ಐದು ನಿಮಿಷದಲ್ಲೇ ಹೇಳಿದೆ: “ಮೊನ್ನೆ ನಾನು ಕೊಟ್ಟ ಉತ್ತರ ತಪ್ಪು. ಜವಳು ಹೊಲದ ವಾಸನೆ ಮೀಥೇನಿನದಲ್ಲ. ಸರಿಯಾದ ಉತ್ತರವನ್ನು ಎಲ್ಲರೂ ಸೇರಿ ಹುಡುಕೋಣ.” ಆ ಹುಡುಗಿಗೆ “ಇದನ್ನೂ ಮನೆಯಲ್ಲಿ ಹೇಳವ್ವ” ಎಂದೆ. ತಪ್ಪು ಉತ್ತರ ಅದೇ ದಿನ ಮನೆ ತಲುಪಿತ್ತು. ತಿದ್ದುಪಡಿಯನ್ನು ಘಟಕ ಮುಗಿಯುವವರೆಗೆ ಕಾಯಿಸುವುದು ಸರಿಯಲ್ಲ ಎನಿಸಿತು.

2. ಹೊಲದ ಭೇಟಿ

ಆ ವಾರದ ಕೊನೆಗೆ ಹುಡುಗಿಯ ಹೊಲಕ್ಕೆ ಹೋದೆ. ಅವಳ ಅಜ್ಜ ಜೊತೆಗಿದ್ದರು. ಹೊಲದ ಎತ್ತರದ ಅಂಚಿನಲ್ಲಿ ಕಬ್ಬು ಹಸಿರಾಗಿತ್ತು. ಇಳಿಜಾರಿಗೆ ಬಂದಂತೆ ಕಬ್ಬು ಗಿಡ್ಡವಾಗಿ, ಹಳದಿಯಾಗಿ, ಕೊನೆಗೆ ಇಲ್ಲವಾಗಿತ್ತು. ತಗ್ಗಿನಲ್ಲಿ ಜೇಕು, ಆಪು ಬೆಳೆದಿದ್ದವು. ಒಣಗಿದ ಕಡೆ ನೆಲದ ಮೇಲೆ ಬಿಳಿ ಉಪ್ಪಿನ ಪೊರೆ ಕಟ್ಟಿತ್ತು.

“ನಾ ಸಣ್ಣಾಂವ ಇದ್ದಾಗ ಇಲ್ಲಿ ಬಿಳಿಜ್ವಾಳ ಬೆಳಿತಿತ್ರಿ. ನೀರು ಬಂತು, ಕಬ್ಬು ಹಚ್ಚಿದ್ವಿ. ನೀರು ಹೆಚ್ಚು ಹಾಕಿದ್ರ ಕಬ್ಬು ಹೆಚ್ಚು ಅಂತ ತಿಳಕೊಂಡ್ವಿ. ಈಗ ಕಬ್ಬೂ ಇಲ್ಲ, ಜ್ವಾಳಾನೂ ಇಲ್ಲ” ಎಂದರು ಅಜ್ಜ.

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯ ನದಿ ದಂಡೆಯ ಹಳ್ಳಿಗಳಿಗೆ ಇದು ಹೊಸ ಮಾತಲ್ಲ. ಇಲ್ಲಿನ ಎರೆ ಮಣ್ಣಿನಲ್ಲಿ ಜೇಡಿ ಅಂಶ ಹೆಚ್ಚು. ನೀರು ಕೆಳಗೆ ಇಳಿಯುವುದು ನಿಧಾನ. ಕಾಲುವೆ ಮತ್ತು ಏತ ನೀರಾವರಿಯ ನೀರು ವರ್ಷವಿಡೀ ಹರಿದಾಗ ನೆಲದೊಳಗಿನ ನೀರಿನ ಮಟ್ಟ ಮೇಲಕ್ಕೆ ಬರುತ್ತದೆ. ಬೇರಿನ ಹತ್ತಿರ ನೀರು ನಿಂತರೆ ಜವಳು. ಆ ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ ಆವಿಯಾಗಿ, ತನ್ನಲ್ಲಿದ್ದ ಲವಣವನ್ನು ಬಿಟ್ಟುಹೋದರೆ ಸವಳು. ಎರಡೂ ಒಟ್ಟಿಗೆ ಬರುವುದರಿಂದ ಜನ ‘ಸವಳು-ಜವಳು’ ಎಂದು ಜೋಡಿಸಿಯೇ ಹೇಳುತ್ತಾರೆ.

ತಗ್ಗಿನಲ್ಲಿ ಒಂದು ಗೇಣು ಅಗೆದೆವು. ಮೇಲೆ ಬೂದು ಮಣ್ಣು, ಕೆಳಗೆ ಕಪ್ಪು ರಾಡಿ. ಕೊಳೆತ ಮೊಟ್ಟೆಯ ವಾಸನೆ. ಎತ್ತರದ ಕಬ್ಬಿನ ಸಾಲಿನಲ್ಲಿ ಅಗೆದಾಗ ವಾಸನೆ ಇಲ್ಲ, ಮಣ್ಣು ಉದುರುದುರಾಗಿತ್ತು. ಎರಡೂ ಕಡೆಯ ಮಣ್ಣನ್ನು ಚೀಲದಲ್ಲಿ ತಂದೆ. ಮರುಪಾಠದ ಮುಖ್ಯ ಬೋಧನೋಪಕರಣ ಅದೇ ಆಯಿತು.

3. ವಿಷಯ ವಿಶ್ಲೇಷಣೆ

ಮರುಪಾಠಕ್ಕೆ ಮುನ್ನ ಓದಿ ಸ್ಪಷ್ಟಪಡಿಸಿಕೊಂಡ ಅಂಶಗಳನ್ನು ಇಲ್ಲಿ ಕೊಡುತ್ತೇನೆ. ಈ ವಿಷಯ ಎತ್ತಿಕೊಳ್ಳುವ ಇತರ ಪ್ರಶಿಕ್ಷಣಾರ್ಥಿಗಳಿಗೂ ಇವು ಬೇಕಾಗುತ್ತವೆ.

ಅ. ಮೀಥೇನ್ ಮಾಡುವವರು. ಮಣ್ಣಿನಲ್ಲಿ ಮೀಥೇನನ್ನು ತಯಾರಿಸುವುದು ಆರ್ಕಿಯಾ ಎಂಬ ಗುಂಪಿನ ಸೂಕ್ಷ್ಮಜೀವಿಗಳು. ಆಮ್ಲಜನಕ ಇದ್ದಲ್ಲಿ ಇವು ಕೆಲಸ ಮಾಡಲಾರವು. 1776ರಲ್ಲಿ ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕೆದಕಿ, ಮೇಲೆ ಬಂದ ಗುಳ್ಳೆಗಳನ್ನು ಬೋರಲು ಹಿಡಿದ ಬಾಟಲಿಯಲ್ಲಿ ಸಂಗ್ರಹಿಸಿ, ಆ ಅನಿಲ ಹೊತ್ತಿ ಉರಿಯುವುದನ್ನು ತೋರಿಸಿದ. ವಿದ್ಯುತ್ ಕೋಶದ ಪಾಠದಲ್ಲಿ ಮಕ್ಕಳಿಗೆ ಪರಿಚಯವಾಗುವ ವೋಲ್ಟಾ ಇವನೇ.

ಆ. ಸರದಿಯ ನಿಯಮ. ನೀರು ನಿಂತ ಕೂಡಲೇ ಮೀಥೇನ್ ಹುಟ್ಟುವುದಿಲ್ಲ. ಕೊಳೆಯುವ ವಸ್ತುವನ್ನು ತಿನ್ನಲು ಮಣ್ಣಿನ ಜೀವಿಗಳಲ್ಲಿ ಒಂದು ಸರದಿ ಇದೆ. ಮೊದಲು ಆಮ್ಲಜನಕ ಬಳಸುವವು. ಅದು ತೀರಿದ ಮೇಲೆ ನೈಟ್ರೇಟ್ ಬಳಸುವವು, ನಂತರ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡ್ ಬಳಸುವವು, ನಂತರ ಸಲ್ಫೇಟ್ ಬಳಸುವವು. ಮೀಥೇನ್ ಮಾಡುವವರದು ಕೊನೆಯ ಪಾಳಿ. ಸಲ್ಫೇಟ್ ಇರುವ ತನಕ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು ಆಹಾರದ ಬಹುಪಾಲನ್ನು ಮೊದಲೇ ತೆಗೆದುಕೊಳ್ಳುತ್ತವೆ. ಅವು ಹೊರಬಿಡುವ ಅನಿಲವೇ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಅದು ಕಬ್ಬಿಣದೊಡನೆ ಸೇರಿದಾಗ ರಾಡಿ ಕಪ್ಪಾಗುತ್ತದೆ.

ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಸವಳು ನೆಲದ ಲವಣಗಳಲ್ಲಿ ಸಲ್ಫೇಟ್ ಇರುತ್ತದೆ. ಹಾಗಾಗಿ ಅವಳ ಹೊಲದ ವಾಸನೆ ಮೀಥೇನಿನ ಗುರುತಲ್ಲ; ಮೀಥೇನ್ ಮಾಡುವವರ ಪಾಳಿ ಇನ್ನೂ ಪೂರ್ತಿ ಬಂದಿಲ್ಲ ಎಂಬುದರ ಗುರುತು. ನಾನು ಹೇಳಿದ್ದು ಬಹುಮಟ್ಟಿಗೆ ತಿರುಗುಮುರುಗಾಗಿತ್ತು.

ಇ. ಮೀಥೇನ್ ತಿನ್ನುವವರು. ಆಮ್ಲಜನಕ ಇರುವ ಮಣ್ಣಿನಲ್ಲಿ ಮೀಥೇನನ್ನೇ ಆಹಾರ ಮಾಡಿಕೊಂಡ ಬ್ಯಾಕ್ಟೀರಿಯಾಗಳಿವೆ. ಕೆಳಗಿನ ನೀರು ತುಂಬಿದ ಪದರದಲ್ಲಿ ಹುಟ್ಟಿದ ಮೀಥೇನ್ ಮೇಲಿನ ಒಣ ಪದರ ದಾಟುವಾಗ ಇವು ಅದನ್ನು ಇಂಗಾಲದ ಡೈಆಕ್ಸೈಡ್ ಆಗಿಸುತ್ತವೆ. ಒಣ ಮಣ್ಣಿನಲ್ಲಿ ಇನ್ನೊಂದು ಗುಂಪು ಗಾಳಿಯಲ್ಲಿರುವ ಅತ್ಯಲ್ಪ ಮೀಥೇನನ್ನೂ ಹೀರಿಕೊಳ್ಳುತ್ತದೆ. ಜಗತ್ತಿನ ಎಲ್ಲ ಮೂಲಗಳಿಂದ ವರ್ಷಕ್ಕೆ ಸುಮಾರು 600 ದಶಲಕ್ಷ ಟನ್ ಮೀಥೇನ್ ಗಾಳಿಗೆ ಸೇರುತ್ತದೆ. ಮಣ್ಣು ವರ್ಷಕ್ಕೆ ಸುಮಾರು 30 ದಶಲಕ್ಷ ಟನ್ನಿನಷ್ಟನ್ನು ಹೀರುತ್ತದೆ. ಎಂದರೆ ‘ಮಣ್ಣು ಮೀಥೇನ್ ಬಿಡುತ್ತದೆ’ ಎನ್ನುವುದು ಅರ್ಧ ಮಾತು. ನೀರಿನ ಮಟ್ಟ ಎಲ್ಲಿದೆ ಎಂಬುದರ ಮೇಲೆ ಮಣ್ಣು ಬಿಡುತ್ತದೋ ಹೀರುತ್ತದೋ ನಿರ್ಧಾರವಾಗುತ್ತದೆ.

ಈ. ಉತ್ತರದ ಪೀಟ್ ಮತ್ತು ಕಾಡು. ಸ್ಫ್ಯಾಗ್ನಮ್ ಎಂಬ ಹಾವಸೆ ಮತ್ತು ಜೇಕಿನ ಜಾತಿಯ ಗಿಡಗಳು ಸತ್ತು, ನೀರು ಮತ್ತು ಚಳಿಯಿಂದಾಗಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತದ್ದು ಪೀಟ್. ವರ್ಷಕ್ಕೆ ಒಂದು ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ ಬೆಳೆಯುತ್ತದೆ. ಉತ್ತರದ ಪೀಟ್ ನೆಲಗಳಲ್ಲಿ ಹೆಚ್ಚಿನವು ಕಳೆದ ಹಿಮಯುಗ ಮುಗಿದ ಮೇಲೆ ಬೆಳೆದಂಥವು. ಪೀಟ್ ನೆಲ ಭೂಭಾಗದ ಸುಮಾರು 3 ಶೇಕಡಾ ಮಾತ್ರ. ಆದರೆ ಜಗತ್ತಿನ ಮಣ್ಣಿನ ಇಂಗಾಲದಲ್ಲಿ ಮೂರನೇ ಒಂದರಷ್ಟು ಅಲ್ಲಿದೆ. ಅಲ್ಲಿ ನೀರು ಮೇಲ್ಮೈಯ ಹತ್ತಿರವೇ ನಿಂತಿರುತ್ತದೆ, ಸಲ್ಫೇಟ್ ಸಾಮಾನ್ಯವಾಗಿ ಕಡಿಮೆ, ಕೊಳೆಯುವ ವಸ್ತು ಧಾರಾಳ. ಮೀಥೇನಿಗೆ ಬೇಕಾದದ್ದೆಲ್ಲ ಇದೆ, ತಡೆಯಾಗಿರುವುದು ಚಳಿ. ಬಿಸಿ ಏರಿದಷ್ಟೂ ಮಾಡುವವರ ಕೆಲಸ ಚುರುಕಾಗುತ್ತದೆ. ಉತ್ತರದ ಪ್ರದೇಶ ಜಗತ್ತಿನ ಸರಾಸರಿಗಿಂತ ವೇಗವಾಗಿ ಬಿಸಿಯಾಗುತ್ತಿರುವುದೇ ವಿಜ್ಞಾನಿಗಳ ಚಿಂತೆ.

ಅದೇ ಉತ್ತರದಲ್ಲಿ, ಪೀಟ್ ಬಯಲಿನ ಪಕ್ಕದಲ್ಲೇ, ನೀರು ಬಸಿದುಹೋಗುವ ಎತ್ತರದ ನೆಲದಲ್ಲಿ ಪೈನ್, ಸ್ಪ್ರೂಸ್ ಮರಗಳ ಕಾಡಿದೆ. ಭೂಗೋಳದಲ್ಲಿ ಟೈಗಾ ಎಂದು ಕಲಿಸುತ್ತೇವೆ. ಆ ಕಾಡಿನ ಒಣ ಮಣ್ಣು ಮೀಥೇನನ್ನು ಹೀರುತ್ತದೆ. ನೂರು ಹೆಜ್ಜೆಯ ಅಂತರದಲ್ಲಿ ಒಂದು ನೆಲ ಬಿಡುವುದು, ಇನ್ನೊಂದು ತಿನ್ನುವುದು. ಮಳೆ ಹೆಚ್ಚಾಗಿ ಕಾಡಿನ ನೀರಿನ ಮಟ್ಟ ಏರಿದರೆ ತಿನ್ನುತ್ತಿದ್ದ ಮಣ್ಣೇ ಬಿಡಲಾರಂಭಿಸಬಹುದು. ಅಜ್ಜನ ಹೊಲದ ಎತ್ತರದ ಅಂಚು ಮತ್ತು ತಗ್ಗಿನ ನಡುವೆಯೂ ನೂರೇ ಹೆಜ್ಜೆ ಇತ್ತು. ಎರಡೂ ಕಡೆ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ನೀರು ಎಲ್ಲಿ ನಿಂತಿದೆ?

ಉ. ಅಳೆಯುವ ಮುನ್ನ ಆರೋಪ. ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಮೀಥೇನ್ ಕೈಗಾರಿಕಾ ಯುಗಕ್ಕೆ ಮುಂಚೆ ಸುಮಾರು 0.7 ಇತ್ತು, ಈಗ 1.9ಕ್ಕೂ ಹೆಚ್ಚು. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಒಂದು ಕಿಲೋ ಇಂಗಾಲದ ಡೈಆಕ್ಸೈಡಿಗಿಂತ 27ರಿಂದ 30 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಹಾಗಾಗಿ ಯಾರ ನೆಲದಿಂದ ಎಷ್ಟು ಎಂಬ ಲೆಕ್ಕಕ್ಕೆ ಮಹತ್ವ ಬಂದಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಮ್ಮೆ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 38 ದಶಲಕ್ಷ ಟನ್ ಮೀಥೇನ್ ಬರುತ್ತದೆ ಎಂದು ಅಂದಾಜು ಮಾಡಿತ್ತು. ಅದರ ಆಧಾರ ಬೇರೆ ದೇಶಗಳ ಗದ್ದೆಗಳ ಅಳತೆ. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರಾ ಅವರ ಮುಂದಾಳತ್ವದಲ್ಲಿ ನಮ್ಮ ವಿಜ್ಞಾನಿಗಳು ದೇಶದ ಬೇರೆ ಬೇರೆ ಭಾಗದ ಗದ್ದೆಗಳಲ್ಲೇ ಅಳತೆ ಮಾಡಿದರು. ಬಂದ ಉತ್ತರ ಸುಮಾರು 4 ದಶಲಕ್ಷ ಟನ್. ಎಲ್ಲ ಗದ್ದೆಗಳಲ್ಲೂ ವರ್ಷವಿಡೀ ನೀರು ನಿಲ್ಲುವುದಿಲ್ಲ. ಮಣ್ಣು, ಗೊಬ್ಬರ, ತಳಿ ಎಲ್ಲ ಬೇರೆ.

ಇದನ್ನು ಓದಿದಾಗ ನನ್ನ ಎರಡು ನಿಮಿಷದ ಉತ್ತರ ನೆನಪಾಯಿತು. ದೂರದ ನೆಲದ ತಿಳಿವಳಿಕೆಯನ್ನು ಅಳೆಯದೆ ಇಲ್ಲಿನ ಹೊಲದ ಮೇಲೆ ಹೊರಿಸಿದ್ದೆ. ಪ್ರಮಾಣ ಬೇರೆ, ತಪ್ಪಿನ ಜಾತಿ ಒಂದೇ.

4. ಮರುಪಾಠ

ನಿರೀಕ್ಷಿತ ಕಲಿಕಾ ಫಲಗಳು: ವಿದ್ಯಾರ್ಥಿಯು (1) ಮೀಥೇನ್ ಹುಟ್ಟಲು ಬೇಕಾದ ಸ್ಥಿತಿಗಳನ್ನು ಹೇಳುವನು/ಳು, (2) ನೀರಿನ ಮಟ್ಟ ಬದಲಾದಾಗ ಮಣ್ಣಿನ ವರ್ತನೆ ಏಕೆ ಬದಲಾಗುತ್ತದೆ ಎಂದು ವಿವರಿಸುವನು/ಳು, (3) ಪ್ರಯೋಗದಿಂದ ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸುವನು/ಳು.

ತೊಡಗಿಸಿಕೊಳ್ಳುವುದು. ಮರುಪಾಠಕ್ಕೆ ಮೂರು ವಾರ ಮುಂಚೆ ಮಕ್ಕಳಿಂದಲೇ ಮೂರು ಪ್ಲಾಸ್ಟಿಕ್ ಬಾಟಲಿ ಸಿದ್ಧಪಡಿಸಿದೆ. ಮೂರರಲ್ಲೂ ಎತ್ತರದ ಅಂಚಿನ ಮಣ್ಣು ಮತ್ತು ಸಣ್ಣಗೆ ಕತ್ತರಿಸಿದ ಕಬ್ಬಿನ ರವದಿ ಸಮಪ್ರಮಾಣ. ಗೋಬರ್ ಗ್ಯಾಸ್ ಗುಂಡಿಯ ಸ್ಲರಿ ಒಂದೊಂದು ಚಮಚ. ಒಂದನೆಯದಕ್ಕೆ ತೇವವಾಗುವಷ್ಟೇ ನೀರು, ಬಾಯಿಗೆ ಬಟ್ಟೆ. ಎರಡನೆಯದರಲ್ಲಿ ಮಣ್ಣಿನ ಮೇಲೆ ನಾಲ್ಕು ಬೆರಳು ನೀರು, ಬಾಯಿಗೆ ಬಲೂನು. ಮೂರನೆಯದು ಎರಡನೆಯದರಂತೆಯೇ, ಜೊತೆಗೆ ಎರಡು ಚಮಚ ಜಿಪ್ಸಂ. ಸವಳು ನೆಲ ಸುಧಾರಿಸಲು ರೈತರು ಹಾಕುವ ಜಿಪ್ಸಂ ಕ್ಯಾಲ್ಸಿಯಂ ಸಲ್ಫೇಟ್. ಹಲವರ ಮನೆಯಲ್ಲಿ ಅದರ ಚೀಲವಿತ್ತು. ತಗ್ಗಿನಿಂದ ತಂದ ಕಪ್ಪು ರಾಡಿಯನ್ನು ಹೋಲಿಕೆಗೆಂದು ಬೇರೆ ಡಬ್ಬಿಯಲ್ಲಿಟ್ಟೆವು. ದಿನಕ್ಕೊಂದು ಗುಂಪು ನೋಡಿ ನೋಟ್‌ಪುಸ್ತಕದಲ್ಲಿ ಬರೆಯಬೇಕು ಎಂದು ಹಂಚಿದೆ.

ಮೊದಲ ವಾರದಲ್ಲೇ ಎರಡೂ ಬಲೂನು ಎದ್ದವು. “ಮೀಥೇನ್ ಬಂತು” ಎಂದು ಕೂಗಾಯಿತು. ಬಲೂನಿನ ಅನಿಲವನ್ನು ಸ್ಟ್ರಾ ಮೂಲಕ ಸುಣ್ಣದ ತಿಳಿನೀರಿಗೆ ಬಿಟ್ಟೆವು. ನೀರು ಹಾಲಿನಂತಾಯಿತು. ಅಂದರೆ ಅದರಲ್ಲಿ ಇಂಗಾಲದ ಡೈಆಕ್ಸೈಡ್ ಇದೆ. ರವದಿಯ ಸಕ್ಕರೆ ಹುದುಗಿದಾಗ ಬರುವ ಅನಿಲ ಅದು. ಕೂಗಿದವರು ಸುಮ್ಮನಾದರು. ನನಗೆ ಈ ಪಾಠದಲ್ಲಿ ಅತಿ ಬೆಲೆಯುಳ್ಳ ಕ್ಷಣ ಅದೇ.

ಮೂರನೇ ವಾರದ ಹೊತ್ತಿಗೆ ಎರಡನೇ ಬಾಟಲಿಯಲ್ಲಿ ಅಲುಗಿಸಿದಾಗಲೆಲ್ಲ ಗುಳ್ಳೆ ಏಳುತ್ತಿದ್ದವು. ಮೂರನೆಯದರಲ್ಲಿ ಗುಳ್ಳೆ ಕಡಿಮೆ, ಮಣ್ಣು ಕಪ್ಪು, ಬಲೂನು ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ. ಡಬ್ಬಿಯ ರಾಡಿಯದೂ ಅದೇ ಬಣ್ಣ, ಅದೇ ವಾಸನೆ. ಒಂದನೆಯದರಲ್ಲಿ ಹಸಿ ಮಣ್ಣಿನ ವಾಸನೆ ಬಿಟ್ಟರೆ ಬೇರೇನಿಲ್ಲ.

ಅನ್ವೇಷಿಸುವುದು. ಸರದಿಯ ನಿಯಮವನ್ನು ಬಿಸಿಯೂಟದ ಸಾಲಿನಂತೆ ಆಡಿಸಿದೆವು. ಐದು ಗುಂಪು ಸಾಲಾಗಿ ನಿಂತವು: ಆಮ್ಲಜನಕ, ನೈಟ್ರೇಟ್, ಕಬ್ಬಿಣ, ಸಲ್ಫೇಟ್, ಕೊನೆಗೆ ಮೀಥೇನ್ ಮಾಡುವವರು. ನಡುವೆ ಒಂದು ತಟ್ಟೆ ಜೋಳದ ಕಾಳು, ಅದೇ ರವದಿ. ಮೊದಲ ನಾಲ್ಕು ಗುಂಪಿಗೆ ಬಣ್ಣದ ಚೀಟಿ ಕೊಟ್ಟೆ. ಒಂದು ಚೀಟಿ ಕೊಟ್ಟರೆ ಒಂದು ಹಿಡಿ ಕಾಳು. ಮುಂದಿನವರ ಚೀಟಿ ತೀರುವ ತನಕ ಹಿಂದಿನವರು ಮುಟ್ಟುವಂತಿಲ್ಲ. ಕೊನೆಯ ಗುಂಪಿಗೆ ಚೀಟಿ ಬೇಡ, ಆದರೆ ಎಲ್ಲರ ಚೀಟಿ ಮುಗಿಯಬೇಕು.

ಮೊದಲ ಆಟದಲ್ಲಿ ಚೀಟಿ ಬೇಗ ತೀರಿ ಕೊನೆಯ ಗುಂಪಿಗೆ ಕಾಳು ಸಿಕ್ಕಿತು. ಎರಡನೇ ಆಟದಲ್ಲಿ ಸಲ್ಫೇಟ್ ಗುಂಪಿಗೆ ಮೂರು ಪಟ್ಟು ಚೀಟಿ ಕೊಟ್ಟೆ. ಕೊನೆಯವರು ಕೈ ಕಟ್ಟಿ ನಿಂತರು. “ಇದು ಜಿಪ್ಸಂ ಬಾಟ್ಲಿ ರೀ” ಎಂದು ಹುಡುಗನೊಬ್ಬ ತಾನೇ ಗುರುತಿಸಿದ. ಪ್ರಶ್ನೆ ಕೇಳಿದ್ದ ಹುಡುಗಿ ಸೇರಿಸಿದಳು: “ನಮ್ಮ ಹೊಲಾನೂ ಇದೇ ರೀ.” ಮೂರನೇ ಆಟದಲ್ಲಿ ತಟ್ಟೆಯಲ್ಲಿ ಕಾಳೇ ಹೆಚ್ಚಿರಲಿಲ್ಲ. ಬೆಳೆ ಇಲ್ಲದ ಬರಡು ಹೊಲದಲ್ಲಿ ಕೊಳೆಯುವ ವಸ್ತುವೂ ಕಡಿಮೆ ಎಂದು ಮಕ್ಕಳೇ ಅರ್ಥ ಮಾಡಿಕೊಂಡರು.

ವಿವರಿಸುವುದು. ನೆಲದ ಮೇಲೆ ಸುಣ್ಣದಕಡ್ಡಿಯಿಂದ ಗೆರೆ ಎಳೆದೆ. ಅದು ನೀರಿನ ಮಟ್ಟ. ಗೆರೆಯ ಕೆಳಗೆ ಮಾಡುವವರು, ಮೇಲೆ ತಿನ್ನುವವರು. ಮಾಡುವವರು ಮೇಲಕ್ಕೆ ಕಳಿಸಿದ ಕಾಳನ್ನು ತಿನ್ನುವವರು ಹಿಡಿಯಬೇಕು. ಗೆರೆ ಕೆಳಗಿದ್ದಾಗ ಹೆಚ್ಚಿನ ಕಾಳು ಸಿಕ್ಕಿಬಿದ್ದಿತು: ಇದು ಟೈಗಾ ಕಾಡು, ಇದು ತೆಲಸಂಗದ ಕಡೆಯ ಮಳೆಯಾಶ್ರಿತ ಹೊಲ. ಗೆರೆಯನ್ನು ಮೇಲಕ್ಕೆ ಸರಿಸಿದಾಗ ತಿನ್ನುವವರಿಗೆ ನಿಲ್ಲಲು ಜಾಗವಿಲ್ಲ: ಇದು ಪೀಟ್ ಬಯಲು, ನೀರು ನಿಂತ ಭತ್ತದ ಗದ್ದೆ. ಕೊನೆಗೆ ಪಪ್ಪಾಯಿ ಎಲೆಯ ಟೊಳ್ಳು ದೇಟು ತೋರಿಸಿದೆ. ಆಪು, ಜೇಕು, ಭತ್ತದ ಗಿಡಗಳೊಳಗೆ ಇಂಥ ಗಾಳಿದಾರಿಗಳಿವೆ. ತಿನ್ನುವವರನ್ನು ತಪ್ಪಿಸಿ ಮೀಥೇನ್ ನೇರ ಮೇಲೆ ಹೋಗುವುದು ಈ ದಾರಿಯಲ್ಲಿ. ಭತ್ತದ ಗದ್ದೆಯ ಮೀಥೇನಿನ ಬಹುಪಾಲು ಹೀಗೆಯೇ ಹೊರಬರುತ್ತದೆ.

ವಿಸ್ತರಿಸುವುದು. ಪೀಟ್ ನೆಲಕ್ಕೆ ಕಾಲುವೆ ತೋಡಿ ನೀರು ಬಸಿದರೆ ಮೀಥೇನ್ ಕಡಿಮೆಯಾಗುತ್ತದೆ. ಆದರೆ ಸಾವಿರಾರು ವರ್ಷದ ಪೀಟಿಗೆ ಗಾಳಿ ತಾಗಿ, ಅದು ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಮರ ಬೆಳೆಸಲೆಂದು ಫಿನ್ಲೆಂಡಿನಲ್ಲಿ ಅರ್ಧದಷ್ಟು ಪೀಟ್ ನೆಲಕ್ಕೆ ಕಾಲುವೆ ತೋಡಿದ್ದರು. ಈಗ ಕೆಲವೆಡೆ ಮತ್ತೆ ಮುಚ್ಚಿ ನೀರು ನಿಲ್ಲಿಸುತ್ತಿದ್ದಾರೆ. ಇದನ್ನು ಹೇಳಿದ ಕೂಡಲೇ ಒಬ್ಬ ಕೇಳಿದ: “ಹಂಗಾದ್ರ ನಮ್ಮ ಜವಳ ಹೊಲಕ್ಕೂ ಬಸಿಗಾಲುವಿ ತೋಡಬಾರದೇನ್ರೀ?”

ಈ ಸಲ ನಾನು ಆತುರಪಡಲಿಲ್ಲ. ಪೀಟಿನ ಒಣ ತೂಕದಲ್ಲಿ ಅರ್ಧದಷ್ಟು ಇಂಗಾಲ. ನಮ್ಮ ಎರೆ ಮಣ್ಣಿನಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇಕಡಾ ಒಂದಕ್ಕಿಂತ ಕಡಿಮೆ. ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆದು, “ಕಳೆದುಕೊಳ್ಳಲು ಯಾರ ಹತ್ತಿರ ಎಷ್ಟಿದೆ?” ಎಂದು ಕೇಳಿದೆ. ಉತ್ತರ ಅವರಿಂದಲೇ ಬಂತು. ಪೀಟಿಗೆ ಹೇಳಿದ ಎಚ್ಚರಿಕೆ ನಮ್ಮ ಹೊಲಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ ನೀರು ಬಸಿಯಬೇಕು: ತೆರೆದ ಬಸಿಗಾಲುವೆ, ನೆಲದೊಳಗೆ ರಂಧ್ರವಿರುವ ಪೈಪು, ಅದಕ್ಕೂ ಮೊದಲು ಅಳತೆಯ ನೀರು, ಹನಿ ನೀರಾವರಿ. ಹೊಲ ಮತ್ತೆ ಬೆಳೆ ಕೊಡುತ್ತದೆ, ತಿನ್ನುವವರೂ ಮರಳುತ್ತಾರೆ.

5. ಮೌಲ್ಯಮಾಪನ

ಲಿಖಿತವಾಗಿ ಕೇಳಿದ ಪ್ರಶ್ನೆಗಳು:

(1) ಎರಡನೇ ಬಾಟಲಿಯಲ್ಲಿ ಮೀಥೇನ್ ಇತ್ತು ಎಂದು ನಮ್ಮ ಪ್ರಯೋಗ ಸಾಬೀತು ಮಾಡಿತೇ? ಕಾರಣ ಕೊಡಿ.
(2) ಜವಳು ಹೊಲದ ವಾಸನೆ ಯಾವ ಅನಿಲದ್ದು? ಅದು ಮೀಥೇನಿನ ಬಗ್ಗೆ ಏನು ತಿಳಿಸುತ್ತದೆ?
(3) ಒಂದೇ ಊರಿನ ಎರಡು ಹೊಲಗಳಲ್ಲಿ ಒಂದು ಮೀಥೇನ್ ಬಿಡಬಹುದು, ಇನ್ನೊಂದು ಹೀರಬಹುದು. ಹೇಗೆ?
(4) ಪೀಟ್ ನೆಲ ಬಸಿಯುವುದಕ್ಕೂ ಜವಳು ನೆಲ ಬಸಿಯುವುದಕ್ಕೂ ಇರುವ ವ್ಯತ್ಯಾಸವೇನು?

ಎರಡನೇ ಮತ್ತು ಮೂರನೇ ಪ್ರಶ್ನೆಗೆ ಬಹುತೇಕರು ಸರಿಯಾಗಿ ಬರೆದರು. ಮೊದಲ ಪ್ರಶ್ನೆಯೇ ಕಷ್ಟವಾಯಿತು. ಗುಳ್ಳೆ ಬಂದಿದ್ದರಿಂದ ‘ಸಾಬೀತಾಯಿತು’ ಎಂದು ಬರೆದವರು ಕಡಿಮೆಯಲ್ಲ. ಸರಿಯಾದ ಉತ್ತರ ‘ಇಲ್ಲ’. ಅನಿಲ ಬಂದದ್ದು ಕಂಡಿತು, ಅದರಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಗೊತ್ತಾಯಿತು. ಮೀಥೇನ್ ಇರಬಹುದು ಎಂಬುದು ಊಹೆ. ವಿಜ್ಞಾನಿಗಳು ನೆಲದ ಮೇಲೆ ಮುಚ್ಚಿದ ಪೆಟ್ಟಿಗೆ ಇಟ್ಟು, ನಿಗದಿತ ಸಮಯಕ್ಕೊಮ್ಮೆ ಸಿರಿಂಜಿನಿಂದ ಗಾಳಿ ತೆಗೆದು, ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರದಲ್ಲಿ ಅಳೆಯುತ್ತಾರೆ. ನಾಲ್ಕನೇ ಪ್ರಶ್ನೆಗೆ ಅರ್ಧದಷ್ಟು ಮಕ್ಕಳಿಂದ ಮಾತ್ರ ಪೂರ್ಣ ಉತ್ತರ ಬಂದಿತು. ಮುಂದಿನ ಸಲ ಇದಕ್ಕೆ ಇನ್ನೂ ಹತ್ತು ನಿಮಿಷ ಬೇಕು.

6. ಇತರ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಸುರಕ್ಷತೆ. ಗಾಜಿನ ಬಾಟಲಿ ಬೇಡ, ಬಿಗಿ ಮುಚ್ಚಳ ಬೇಡ. ಬಲೂನನ್ನು ಬಯಲಿನಲ್ಲೇ ತೆಗೆಯಬೇಕು. ಮೂಗು ಹತ್ತಿರ ಒಯ್ಯದೆ ಕೈಯಿಂದ ಗಾಳಿ ಬೀಸಿ ವಾಸನೆ ನೋಡಬೇಕು. ಹೈಡ್ರೋಜನ್ ಸಲ್ಫೈಡ್ ವಿಷ. ವೋಲ್ಟಾನ ಕಥೆ ಕೇಳಿ ಉತ್ಸಾಹಗೊಂಡ ಮಕ್ಕಳು ಬೆಂಕಿಕಡ್ಡಿ ಹಚ್ಚಲು ಮುಂದಾಗಬಹುದು. ಅದಕ್ಕೆ ಅವಕಾಶ ಕೊಡಬೇಡಿ. ಗೋಬರ್ ಗ್ಯಾಸ್ ಗುಂಡಿ, ಶೌಚ ಗುಂಡಿ, ಹಾಳು ಬಾವಿಗೆ ಇಳಿಯಬಾರದು ಎಂಬುದನ್ನು ಇದೇ ಪಾಠದಲ್ಲಿ ಒತ್ತಿ ಹೇಳಿ. ಅಲ್ಲಿ ವಾಸನೆ ಇಲ್ಲದಿದ್ದರೂ ಅಪಾಯ ಇರಬಹುದು.

ಊರಿಗೆ ತಕ್ಕಂತೆ ಬದಲಾವಣೆ. ಕಾಗವಾಡ, ರಾಯಬಾಗದ ಕಬ್ಬಿನ ಹಳ್ಳಿಗಳಲ್ಲಿ ಇದೇ ಉದಾಹರಣೆ ನಡೆಯುತ್ತದೆ. ನಿಪ್ಪಾಣಿ, ಚಿಕ್ಕೋಡಿ ತಾಲ್ಲೂಕಿನ ದೂಧಗಂಗಾ, ವೇದಗಂಗಾ ದಂಡೆಯಲ್ಲಿ 2019ರ ಮಹಾಪೂರದಲ್ಲಿ ಮುಳುಗಿದ ಹೊಲಗಳಿಂದ ಆರಂಭಿಸಬಹುದು: ವಾರಗಟ್ಟಲೆ ನೀರು ನಿಂತಾಗ ಮಣ್ಣಿನಲ್ಲಿ ಸರದಿ ಎಲ್ಲಿಗೆ ತಲುಪಿರಬಹುದು? ಒಣ ಭಾಗದ ಶಾಲೆಗಳಲ್ಲಿ ತಿನ್ನುವವರಿಂದ ಆರಂಭಿಸಿ ತಿಪ್ಪೆಗುಂಡಿಗೆ ಬನ್ನಿ. ಎಲ್ಲ ಕಡೆಯೂ ಎಮ್ಮೆ, ಆಕಳು ಇವೆ. ಅವುಗಳ ಮೀಥೇನ್ ಹೆಚ್ಚಾಗಿ ತೇಗಿನಲ್ಲಿ ಬರುತ್ತದೆ ಎಂದರೆ ತರಗತಿ ನಗುತ್ತದೆ, ಆದರೆ ಮರೆಯುವುದಿಲ್ಲ.

ಪ್ರಶ್ನೆಗೆ ಉತ್ತರಿಸುವ ಬಗ್ಗೆ. ಮಗು ತನ್ನ ಹೊಲ, ಮನೆ, ದನದ ಬಗ್ಗೆ ಕೇಳಿದಾಗ ಉತ್ತರ ಪಠ್ಯದ ಉತ್ತರದಂತೆ ನೋಟ್‌ಪುಸ್ತಕದಲ್ಲಿ ಉಳಿಯುವುದಿಲ್ಲ. ಅದು ಮನೆಗೆ ಹೋಗುತ್ತದೆ, ಅಲ್ಲಿ ಯಾರನ್ನೋ ಸಮಾಧಾನಪಡಿಸುತ್ತದೆ ಅಥವಾ ನೋಯಿಸುತ್ತದೆ. ಗಂಟೆ ಹೊಡೆಯಲು ಎರಡು ನಿಮಿಷ ಇದ್ದರೆ “ನಾಳೆ ನೋಡಿ ಹೇಳುತ್ತೇನೆ” ಎಂದರೆ ಸಾಕು. ನನ್ನ ವೀಕ್ಷಣಾ ಪುಸ್ತಕದಲ್ಲಿ ಮೊದಲ ಪಾಠದ ಆ ಮೂರು ಪ್ರಶ್ನೆಗಳ ಕೆಳಗೆ ಈಗ ಈ ವಾಕ್ಯವನ್ನು ನಾನೇ ಬರೆದುಕೊಂಡಿದ್ದೇನೆ.

ಅಭ್ಯಾಸ ಬೋಧನೆಯ ಕೊನೆಯ ದಿನ ಹುಡುಗಿಯ ಅಜ್ಜ ಶಾಲೆಯ ಗೇಟಿನ ಹತ್ತಿರ ಸಿಕ್ಕರು. “ನಮ್ಮ ಹುಡುಗಿ ದಿನಾ ಹೊಲದಾಗ ಅಗದು ಮೂಸಿ ನೋಡತಾಳ್ರಿ. ವಾಸನಿ ಹೋತಂದ್ರ ಏನ ತಿಳಕೋಬೇಕ್ರಿ?” ಎ೦ದು ಕೇಳಿದರು. “ಅಜ್ಜಾರ, ವಾಸನೆ ಒಂದರಿಂದಲೇ ಹೇಳಕ್ಕಾಗಲ್ಲ. ನೀರು ಎಷ್ಟು ಕೆಳಗೆ ಇಳಿದಿದೆ ನೋಡೋಣ” ಎಂದೆ. ಅವರು ತಲೆಯಾಡಿಸಿ, ಬೇಸಿಗೆಗೆ ಮುಂಚೆ ಬಸಿಗಾಲುವೆ ತೋಡಿಸುವ ವಿಚಾರ ಹೇಳಿದರು.